ಒರಟು ಗೆರೆಯ ದೇವರು

ನಮಸ್ಕಾರ. ಯುರೋಪಿನ ಲಿಥುವೇನಿಯಾ ದೇಶದ ಕಲಾವಿದ ವಿಕ್ಟೊರಾಸ್ ಪೆತ್ರಾವಿಚಿಯುಸ್ ಅವರ ಅಚ್ಚುಚಿತ್ರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಕಾಗದ ತಲುಪಿತು. "ಪ್ಯಾರಿಸ್‌ನಲ್ಲಿ ಕಲಿತವರು ದೇವರನ್ನು ಇಷ್ಟು ಒರಟಾಗಿ ಯಾಕೆ ಕೆತ್ತಬೇಕು? ಭಕ್ತಿ ಇದ್ದವರು ಹೀಗೆ ಮಾಡುತ್ತಾರಾ?" ಅಂತ ಕೇಳಿದ್ದೀರಿ. ನನಗಂತೂ ಭಕ್ತಿ ಕಾಣುವುದು ಆ ಒರಟುತನದಲ್ಲೇ.

ಅವರ ಊರುಗಳ ಕಡೆ ದಾರಿ ಬದಿಯ ಕಂಬದ ಮೇಲೆ, ಪುಟ್ಟ ಮರದ ಗುಡಿಯೊಳಗೆ ಯೇಸು ಕೂತಿರುತ್ತಾನೆ. ತಲೆಯ ಮೇಲೆ ಮುಳ್ಳಿನ ಕಿರೀಟ, ಮೊಣಕಾಲಿಗೆ ಊರಿದ ಮೊಣಕೈ, ಕೆನ್ನೆಗೆ ಕೈ. ಹೊಲದ ಕೆಲಸ ಮುಗಿಸಿ ಬಂದು ಸುಮ್ನೆ ಕೂತ ರೈತನ ಹಾಗೆ. ಅವನ ಹೆಸರು ರೂಪಿಂತೊಯೇಲಿಸ್, ಅಂದರೆ ಚಿಂತೆ ಮಾಡುವವನು. ಕೆತ್ತುವವನ ಹೆಸರು ದಿಯೆವ್ದಿರ್ಬಿಸ್, ಅಂದರೆ ದೇವರನ್ನು ಮಾಡುವವನು! ಎಷ್ಟು ಚೆಂದದ ಮಾತು ಅಲ್ವಾ? ಹಳ್ಳಿಯ ಕೆತ್ತನೆಯವರು 18, 19ನೇ ಶತಮಾನದಲ್ಲಿ ಮರದ ಹಲಗೆಯಲ್ಲಿ ಸಂತರನ್ನು ಕೆತ್ತಿ, ಕಾಗದದ ಮೇಲೆ ಅಚ್ಚೊತ್ತಿ, ಕೈಯಲ್ಲೇ ಬಣ್ಣ ಹಚ್ಚುತ್ತಿದ್ದರು. ಮನೆಗೆ ಬೆಂಕಿ ಬೀಳದಂತೆ ಕಾಯುವ ಸಂತ ಫ್ಲೋರಿಯನ್ ಹೀಗೆಯೇ ಗೋಡೆಗೆ ಬಂದವನು.

1906ರಲ್ಲಿ ಹುಟ್ಟಿದ ಪೆತ್ರಾವಿಚಿಯುಸ್ ಈ ಜನಪದ ಕೆತ್ತನೆಯನ್ನು ಪ್ಯಾರಿಸ್‌ಗೂ ಕೊಂಡೊಯ್ದರು. ಹಂಸವೊಂದು ರಾಜನ ಹೆಂಡತಿಯಾಗುವ ಕಥೆಗೆ, ನೆಲಕ್ಕೆ ಹಾಸುವ ಲಿನೋಲಿಯಂ ಹಾಳೆಯಲ್ಲಿ ಕೆತ್ತಿದ ಚಿತ್ರಗಳಿಗೆ 1937ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಗ್ರಾಂಡ್ ಪ್ರಿ ಎಂಬ ದೊಡ್ಡ ಬಹುಮಾನ ಬಂತು. ನಯವಾಗಿ ಬರೆಯಲು ಬಾರದವರಲ್ಲ ಅವರು. ಈ ಕೆಲಸದಲ್ಲಿ ಉಳಿ ಹೋದ ಕಡೆ ಬಿಳಿ, ಉಳಿದದ್ದು ಕಪ್ಪು, ಎಡಬಲ ಅದಲುಬದಲು. ಕೈ ಜಾರಿದರೆ ಅಳಿಸುವ ಹಾಗಿಲ್ಲ. ಕಣ್ಣಿಗೆ ಒಂದು ಗೀರು, ಮೂಗಿಗೆ ಒಂದು ಗೀರು ಸಾಕು ಅಂತ ನಿಲ್ಲಿಸುವುದಕ್ಕೂ ಧೈರ್ಯ ಬೇಕು.

"ದೇಶ ಬಿಟ್ಟ ದುಃಖಕ್ಕೆ ದೇವರ ಮೊರೆ ಹೋದರಾ?" ಎಂದೂ ಕೇಳಿದ್ದೀರಿ. 1944ರಲ್ಲಿ ಸೋವಿಯತ್ ಸೇನೆ ಲಿಥುವೇನಿಯಾಕ್ಕೆ ಮತ್ತೆ ಬರುವಾಗ ಅವರು ಜರ್ಮನಿಗೆ ಹೋದರು, 1949ರಲ್ಲಿ ಶಿಕಾಗೋಗೆ. ದುಃಖ ಇದ್ದೇ ಇತ್ತು. ಆದರೆ ಅವರ ಚಿತ್ರಗಳಲ್ಲಿ ಯೇಸು, ಮರಿಯ, ಹೊಲ, ಹೆಣ್ಣು, ಕುದುರೆ ಎಲ್ಲ ಒಂದೇ ಊರಿನವರು. ದೇವರನ್ನು ಅವರು ಹೊಸದಾಗಿ ಹುಡುಕಿದ್ದಲ್ಲ, ಊರಿನ ಜೊತೆಗೇ ಬಂದವನು. ಅತ್ತ ತಾಯ್ನಾಡಿನಲ್ಲಿ, 1961ರಲ್ಲಿ, ಶಿಯಾವ್ಲೈ ನಗರದ ಹತ್ತಿರದ ಗುಡ್ಡದ ಮೇಲೆ ಜನ ನೆಟ್ಟಿದ್ದ ಸಾವಿರಾರು ಶಿಲುಬೆಗಳನ್ನು ಸೋವಿಯತ್ ಸರ್ಕಾರ ಬುಲ್ಡೋಜರ್ ಹೊಡೆಸಿ ಕಿತ್ತಿತು. ಜನ ಮತ್ತೆ ತಂದು ನೆಟ್ಟರು. ಅದನ್ನು ನೆನೆದಾಗ ಶಿಕಾಗೋದಲ್ಲಿ ಕೂತು ಕೆತ್ತಿದ ಶಿಲುಬೆ ನನಗೆ ಬೇರೆಯಾಗಿಯೇ ಕಾಣುತ್ತದೆ.

ಒಂದು ತಪ್ಪು ನಮ್ಮದೂ ಇದೆ. ಆ ಲೇಖನದ ಜೊತೆಗಿದ್ದ ಚಿತ್ರವನ್ನು ಅಂಗೈಗಿಂತ ಸಣ್ಣದಾಗಿ ಹಾಕಿದೆವು, ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಮುಂದಿನ ಸಂಚಿಕೆಯಲ್ಲಿ ಇಡೀ ಪುಟಕ್ಕೆ ಹಾಕುತ್ತೇವೆ. ನೋಡಿ, ಮತ್ತೆ ಬರೆಯಿರಿ.

ಸಂಪಾದಕ