ಕೇಳಿ, ಹೇಳುತ್ತೇನೆ: ಸುದ್ದಿಮನೆಯ ಡಿಸೈನರ್ ಕುರ್ಚಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಸುಬಿನವರಿಂದ ಬಂದಿವೆ: ಸುದ್ದಿ ಸಂಸ್ಥೆಗಳ ವೆಬ್‌ಸೈಟಿಗೆ, ಯೂಟ್ಯೂಬ್ ವಾಹಿನಿಗೆ ಸುದ್ದಿಯನ್ನು ಚಿತ್ರವಾಗಿ ಹೇಳುವ ಕಾರ್ಡು, ನಕ್ಷೆ, ವಿಡಿಯೊದ ಮುಖಚಿತ್ರವಾದ ಥಂಬ್‌ನೇಲ್ ಮಾಡುವ ಹುಡುಗ ಹುಡುಗಿಯರಿಂದ ಮತ್ತು ಅವರ ಮನೆಯವರಿಂದ. ಅಕ್ಷರ ಮೂಡಿಸಿದ ಬ್ರೋಮೈಡ್ ಕಾಗದ ಕತ್ತರಿಸಿ ಅಂಟಿಸುತ್ತಿದ್ದ ಕಾಲದಿಂದ ಮೊಬೈಲಿನ ಕಾಲದವರೆಗೆ ಪುಟ ಕಟ್ಟಿದವಳು ನಾನು. ಹಾಗಾಗಿ ಸಂಪಾದಕರು ಈ ಕಟ್ಟನ್ನು ಪೂರ್ತಿಯಾಗಿ ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಮನೆಗೇ ಕಳುಹಿಸಿಬಿಟ್ಟಿದ್ದಾರೆ.

ಪ್ರಶ್ನೆ: ಮೇಡಂ, ನಾನು ಮೈಸೂರಿನಲ್ಲಿ ದೃಶ್ಯಕಲೆ ಓದಿ, ಇಲ್ಲೇ ಒಂದು ಸುದ್ದಿ ಸಂಸ್ಥೆಯಲ್ಲಿ ಡಿಜಿಟಲ್ ಡಿಸೈನರ್ ಆಗಿ ಸೇರಿದ್ದೇನೆ. ಕಚೇರಿಯಲ್ಲಿ ನನ್ನನ್ನು ‘ಥಂಬ್‌ನೇಲ್ ಹುಡುಗಿ’ ಎಂದೇ ಕರೆಯುತ್ತಾರೆ. ಸುದ್ದಿ ಏನೆಂದು ಯಾರೂ ಹೇಳುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಕಳುಹಿಸಿ, ‘ಐದು ನಿಮಿಷದಲ್ಲಿ ಬೇಕು’ ಎನ್ನುತ್ತಾರೆ. ನಾನು ಪತ್ರಕರ್ತೆಯೋ, ಬರೀ ಆಪರೇಟರೋ?
– ಓದುಗಿ, ಮಂಡ್ಯ

ಉತ್ತರ: ಕರೆಯುವವರು ಏನಾದರೂ ಕರೆದುಕೊಳ್ಳಲಿ. ಆ ಎರಡು ಸಾಲು ಬಂದ ಮೇಲೆ ನೀವು ಮೊದಲು ಏನು ಮಾಡುತ್ತೀರಿ ಎಂಬುದರಲ್ಲಿ ಉತ್ತರವಿದೆ. ನೇರವಾಗಿ ಫೋಟೋಶಾಪ್ ತೆರೆದರೆ ಆಪರೇಟರ್. ವರದಿಗಾರನಿಗೆ ಫೋನ್ ಮಾಡಿ ‘ಈ ಅಂಕಿ ಎಲ್ಲಿಂದ ಬಂತು’ ಎಂದು ಕೇಳಿದರೆ ಪತ್ರಕರ್ತೆ.

ನಿಮ್ಮ ಊರಿನದೇ ಒಂದು ಸಂಗತಿ ಹೇಳುತ್ತೇನೆ. ಮುಂಗಾರು ಶುರುವಾಯಿತೆಂದರೆ ನಮ್ಮ ಎರಡೂ ಜಿಲ್ಲೆಗಳ ಜನ ಬೆಳಿಗ್ಗೆ ಎದ್ದು ನೋಡುವುದು ಕೆಆರ್‌ಎಸ್ ನೀರಿನ ಮಟ್ಟವನ್ನು. ಇಂದಿನ ಮಟ್ಟ, ಗರಿಷ್ಠ ಮಟ್ಟ, ಒಳಹರಿವು, ಹೊರಹರಿವು. ಈ ಕಾರ್ಡು ಮಾಡುವುದು ಕಚೇರಿಯ ಅತ್ಯಂತ ಕಿರಿಯರ ಪಾಲಿನ ಕೆಲಸ. ಟೆಂಪ್ಲೇಟ್ ಇದೆ, ಅಂಕಿ ಬದಲಿಸಿದರೆ ಮುಗಿಯಿತು ಎಂಬ ಭಾವನೆ. ಆ ಟೆಂಪ್ಲೇಟನ್ನು ಒಮ್ಮೆ ದಿಟ್ಟಿಸಿ ನೋಡಿ. ಒಂದು ಚೌಕದ ತೊಟ್ಟಿ, ಅದರೊಳಗೆ ನೀಲಿ ನೀರು. ಗರಿಷ್ಠ ಮಟ್ಟ 124.80 ಅಡಿ, ಇಂದು 100 ಅಡಿ ಇದ್ದರೆ ತೊಟ್ಟಿಯ ಐದರಲ್ಲಿ ನಾಲ್ಕು ಪಾಲು ನೀಲಿ. ನೋಡಿದವರು ‘ಪರವಾಗಿಲ್ಲ, ಮುಕ್ಕಾಲಿಗಿಂತ ಮೇಲಿದೆ’ ಎಂದು ನೆಮ್ಮದಿಯಾಗುತ್ತಾರೆ. ಆದರೆ ಪೂರ್ತಿ ತುಂಬಿದಾಗ ಅಲ್ಲಿರುವುದು 49.45 ಟಿಎಂಸಿ ಅಡಿ ನೀರು (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಮಟ್ಟ 100 ಅಡಿಗೆ ಇಳಿದಾಗ ಉಳಿಯುವುದು ಅದರ ಅರ್ಧಕ್ಕಿಂತ ಕಡಿಮೆ. ಜಲಾಶಯವೆಂದರೆ ತೊಟ್ಟಿಯಲ್ಲ, ಬಾಣಲೆಯ ಹಾಗೆ: ತಳ ಕಿರಿದು, ಬಾಯಿ ಅಗಲ. ಮೇಲಿನ ಒಂದು ಅಡಿಯಲ್ಲಿ ಹಿಡಿಯುವ ನೀರು ಕೆಳಗಿನ ಒಂದು ಅಡಿಯಲ್ಲಿ ಹಿಡಿಯುವುದಿಲ್ಲ. ಅಂಕಿ ಒಂದೂ ತಪ್ಪಿಲ್ಲ, ಆದರೂ ಚಿತ್ರ ಸುಳ್ಳು ಹೇಳಿತು. ಅದೂ ಯಾರಿಗೆ? ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ, ಭತ್ತದ ಒಟ್ಲು (ಸಸಿಮಡಿ) ಬಿಡಬಹುದೋ ಬೇಡವೋ ಎಂದು ಕಾದು ಕುಳಿತ ಮದ್ದೂರು, ಮಳವಳ್ಳಿಯ ರೈತನಿಗೆ.

ಆದ್ದರಿಂದ ನೀರನ್ನು ಚಿತ್ರದಲ್ಲಿ ತುಂಬಿಸುವುದಾದರೆ ಟಿಎಂಸಿ ಲೆಕ್ಕದಲ್ಲಿ ತುಂಬಿಸಿ, ಅಡಿಯನ್ನು ಪಕ್ಕದಲ್ಲಿ ಅಂಕಿಯಾಗಿ ಬರೆಯಿರಿ. ಏರಿಳಿತವನ್ನು ಗೆರೆಯಲ್ಲಿ ತೋರಿಸುವಾಗ ಅಕ್ಷವನ್ನು 120 ಅಡಿಯಿಂದ ಶುರುಮಾಡಿದರೆ ಒಂದೆರಡು ಅಡಿಯ ಇಳಿಕೆಯೂ ಗಾಬರಿ ಹುಟ್ಟಿಸುತ್ತದೆ. ಸೊನ್ನೆಯಿಂದ ಶುರುಮಾಡಿದರೆ ಇಳಿಕೆಯೇ ಕಾಣುವುದಿಲ್ಲ. ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದು ಬಣ್ಣದ ಪ್ರಶ್ನೆಯಲ್ಲ, ಸುದ್ದಿಯ ಪ್ರಶ್ನೆ. ಕಂಬಗಳ ಚಿತ್ರವಾದರೆ ಆ ಚರ್ಚೆಯೇ ಬೇಡ, ಸೊನ್ನೆಯಿಂದಲೇ ಶುರುವಾಗಬೇಕು. ಏಕೆಂದರೆ ಅಲ್ಲಿ ಕಣ್ಣು ಅಳೆಯುವುದು ಕಂಬದ ಪೂರ್ತಿ ಎತ್ತರವನ್ನು.

ಇನ್ನೊಂದು ಮಾತು. ಕಾರ್ಡಿನ ಮೇಲೆ ದಿನಾಂಕವನ್ನು, ಸಾಧ್ಯವಾದರೆ ಸಮಯವನ್ನೂ ಹಾಕಿ. ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ಅಲ್ಲ, ಓದುವಂತೆ. ವೆಬ್‌ಸೈಟಿನಲ್ಲಿ ಸುದ್ದಿಯ ತಲೆಯ ಮೇಲೆ ತಾರೀಖು ಇರುತ್ತದೆ, ನಿಜ. ಆದರೆ ಚಿತ್ರವನ್ನು ಉಳಿಸಿಕೊಂಡು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರು ತಾರೀಖನ್ನು ಹೊತ್ತುಕೊಂಡು ಹೋಗುವುದಿಲ್ಲ. 2023ರಲ್ಲಿ ತಮಿಳುನಾಡಿಗೆ ನೀರು ಬಿಟ್ಟಾಗ ಮಂಡ್ಯ ಹೇಗಿತ್ತು ಎಂಬುದು ನಿಮಗೇ ಗೊತ್ತು. ಅಂಥ ದಿನಗಳಲ್ಲಿ ಹಳೆಯ ವರ್ಷದ ಒಂದು ಕಾರ್ಡು ಗುಂಪಿನಿಂದ ಗುಂಪಿಗೆ ಹಾರಿದರೆ ಏನಾಗಬಹುದು ಎಂದು ಯೋಚಿಸಿ.

ಐದು ನಿಮಿಷದ ವಿಚಾರದಲ್ಲಿ ಮಾತ್ರ ನಾನು ನಿಮ್ಮ ಪರ ವಾದಿಸುವುದಿಲ್ಲ. ಸುದ್ದಿಮನೆಯಲ್ಲಿ ಐದು ನಿಮಿಷ ಎಂದರೆ ಐದೇ ನಿಮಿಷ. ವರದಿಗಾರನಿಗೂ ಅದಕ್ಕಿಂತ ಹೆಚ್ಚು ಸಿಕ್ಕಿರುವುದಿಲ್ಲ. ಕೆಲಸ ಕಡಿಮೆ ಇರುವ ಮಧ್ಯಾಹ್ನಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ, ಬಜೆಟ್ಟಿಗೆ, ಜಂಬೂ ಸವಾರಿಗೆ, ಮಳೆ ಹಾನಿಗೆ ಟೆಂಪ್ಲೇಟ್ ಮಾಡಿಟ್ಟುಕೊಳ್ಳಿ. ಇವೆಲ್ಲ ಪ್ರತಿ ವರ್ಷ ಬರುವ ಸುದ್ದಿಗಳೇ, ಯಾವುದೂ ಹೇಳದೆ ಕೇಳದೆ ಬರುವುದಿಲ್ಲ. ಹಾಗೆಯೇ ಬೆಳಗಿನ ಸಂಪಾದಕೀಯ ಸಭೆಗೆ ಹೋಗಿ ಕುಳಿತುಕೊಳ್ಳಿ. ಕರೆಯದಿದ್ದರೂ ಹೋಗಿ. ಮೊದಲ ವಾರ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ, ಎರಡನೆಯ ವಾರ ‘ಇದಕ್ಕೆ ನಕ್ಷೆ ಆಗುತ್ತದಾ’ ಎಂದು ಕೇಳುತ್ತಾರೆ.

ಕೊನೆಗೆ ನೀವು ಕೇಳಿದ ಪದವಿಯ ಮಾತು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ವ್ಯಂಗ್ಯಚಿತ್ರಕಾರರನ್ನು, ಸುದ್ದಿ ಛಾಯಾಗ್ರಾಹಕರನ್ನು, ಕರಡು ತಿದ್ದುವವರನ್ನೂ ಪತ್ರಕರ್ತರೆಂದೇ ಎಣಿಸಿತು. ಡಿಜಿಟಲ್ ಡಿಸೈನರ್ ಎಂಬ ಹುದ್ದೆ ಆಗ ಹುಟ್ಟಿರಲಿಲ್ಲ, ಅಷ್ಟೆ. ನೀವು ಅಂಕಿ ಹುಡುಕಿ ಮಾಡಿದ ಗ್ರಾಫಿಕ್‌ನ ಕೆಳಗೆ ನಿಮ್ಮ ಹೆಸರು ಹಾಕಬೇಕೆಂದು ಸುದ್ದಿ ಸಂಪಾದಕರನ್ನು ಕೇಳಿ. ಸಂಕೋಚ ಬೇಡ. ತಪ್ಪಾದಾಗ ಬೈಗುಳ ನಿಮ್ಮ ಹೆಸರಿಗೇ ಬರುತ್ತದಲ್ಲ!

ಪ್ರಶ್ನೆ: ಫೋಟೋಶಾಪ್‌ನಲ್ಲಿ ಕನ್ನಡ ಯೂನಿಕೋಡ್ ಅಂಟಿಸಿದರೆ ಒತ್ತಕ್ಷರ ಒಡೆದುಹೋಗುತ್ತದೆ. ಅದಕ್ಕೇ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲೇ ಮಾಡುತ್ತೇನೆ. ಸುದ್ದಿ ತಿದ್ದುವ ಡೆಸ್ಕಿನವರು ಬೇಡ ಎನ್ನುತ್ತಾರೆ. ಯಾವುದು ಸರಿ?
– ಓದುಗ, ಕುವೆಂಪುನಗರ, ಮೈಸೂರು

ಉತ್ತರ: ಡೆಸ್ಕಿನವರು ಸರಿ. (ಅಪರೂಪಕ್ಕೆ.) ಯೂನಿಕೋಡ್ ಎಂದರೆ ಎಲ್ಲ ಕಂಪ್ಯೂಟರುಗಳೂ ಒಪ್ಪಿದ ಅಕ್ಷರ ಸಂಕೇತ. ಒಡೆಯುವುದು ಅದರ ದೋಷವಲ್ಲ. ಫೋಟೋಶಾಪ್‌ನ ಆದ್ಯತೆಗಳಲ್ಲಿ ಅಕ್ಷರದ ವಿಭಾಗಕ್ಕೆ ಹೋಗಿ. ಕೆಲವು ಆವೃತ್ತಿಗಳಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಎಂದೂ, ಕೆಲವು ಹಳೆಯ ಆವೃತ್ತಿಗಳಲ್ಲಿ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಎಂದೂ ಇರುತ್ತದೆ. ಅದನ್ನು ಆರಿಸಿ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಕಂಪೋಸರನ್ನು ‘ವರ್ಲ್ಡ್ ರೆಡಿ’ಗೆ ಬದಲಿಸಬೇಕು. ಆಮೇಲೆ ಪರೀಕ್ಷೆಗೆ ಮೂರು ಪದ ಬೆರಳಚ್ಚು ಮಾಡಿ: ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ಸ್ವಾತಂತ್ರ್ಯ. ಈ ಮೂರೂ ನೆಟ್ಟಗೆ ನಿಂತರೆ ಉಳಿದವು ಬಹುತೇಕ ನಿಲ್ಲುತ್ತವೆ.

ಹಳೆಯ ನುಡಿ, ಶ್ರೀಲಿಪಿಗಳಲ್ಲಿ ನೀವು ಬೆರಳಚ್ಚು ಮಾಡಿದ್ದು ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಮುಖ ತೊಡಿಸಿದ್ದು. ಚಿತ್ರವಾಗಿ ಉಳಿದರೆ ತೊಂದರೆಯಿಲ್ಲ. ಆದರೆ ಅದೇ ಪಠ್ಯವನ್ನು ನಾಳೆ ಸುದ್ದಿಗೆ ಅಂಟಿಸಲು, ಹುಡುಕಲು, ಬೇರೆಯವರ ಕಂಪ್ಯೂಟರಿನಲ್ಲಿ ತಿದ್ದಲು ಆಗುವುದಿಲ್ಲ. ಪರಿವರ್ತಕದಲ್ಲಿ ಹಾಕಿ ತೆಗೆದರೆ ಅರ್ಕಾವತ್ತು ಎಲ್ಲೋ ಹೋಗಿ ಕುಳಿತಿರುತ್ತದೆ.

ಕನ್ನಡದ ಅಕ್ಷರ ಇಂಗ್ಲಿಷಿನಂತೆ ಒಂದೇ ಗೆರೆಯ ಮೇಲೆ ಕುಳಿತುಕೊಳ್ಳುವ ಜಾತಿಯದಲ್ಲ. ಕೆಳಗೆ ಒತ್ತು ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ. ಇಂಗ್ಲಿಷ್ ಟೆಂಪ್ಲೇಟಿನ ಸಾಲಂತರಕ್ಕೆ ಕನ್ನಡ ತುಂಬಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಅಂತರವನ್ನಾದರೂ ಕೊಡಿ. ಜಾಗ ಸಾಲದೆಂದು ಅಕ್ಷರವನ್ನು ಅಡ್ಡಕ್ಕೆ ಹಿಸುಕುವವರನ್ನು ಕಂಡರೆ ನನಗೆ ಈ ವಯಸ್ಸಿನಲ್ಲೂ ಕೋಪ ಬರುತ್ತದೆ. ಕಿರಿದಾದ ಅಕ್ಷರವೇ ಬೇಕಿದ್ದರೆ ‘ಅನೇಕ್ ಕನ್ನಡ’ ಎಂಬ ಫಾಂಟಿನಲ್ಲಿ ಅಗಲವನ್ನು ಕುಗ್ಗಿಸುವ, ಹಿಗ್ಗಿಸುವ ವ್ಯವಸ್ಥೆಯನ್ನು ವಿನ್ಯಾಸಕರೇ ಮಾಡಿಟ್ಟಿದ್ದಾರೆ. ಅದೂ, ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಎಲ್ಲವೂ ಮುಕ್ತ ಪರವಾನಗಿಯವು. ಕದ್ದ ಫಾಂಟ್ ಹಾಕುವ ಅಗತ್ಯವಿಲ್ಲ.

ಪ್ರಶ್ನೆ: ನಾನು ಹಳೆಯ ವರದಿಗಾರ. ಈಗಿನ ಡಿಸೈನರ್‌ಗಳು ನನ್ನ ಶೀರ್ಷಿಕೆಯನ್ನು ನಾಲ್ಕು ಪದಕ್ಕೆ ಕತ್ತರಿಸುತ್ತಾರೆ. ಇದಕ್ಕೆ ಅವರಿಗೆ ಅಧಿಕಾರ ಕೊಟ್ಟವರು ಯಾರು?
– ಓದುಗ, ನಾಗಮಂಗಲ

ಉತ್ತರ: ಮೊಬೈಲಿನ ಪರದೆ, ಸ್ವಾಮಿ. ಯೂಟ್ಯೂಬಿನ ಥಂಬ್‌ನೇಲನ್ನು 1280 ಅಡ್ಡ, 720 ಉದ್ದದ ಪಿಕ್ಸೆಲ್ ಲೆಕ್ಕದಲ್ಲಿ ದೊಡ್ಡ ಪರದೆಯ ಮೇಲೆ ಮಾಡುತ್ತಾರೆ. ಓದುಗ ನೋಡುವುದು ಬಸ್ಸಿನಲ್ಲಿ, ಅಂಗೈಯ ಅರ್ಧದಷ್ಟು ಜಾಗದಲ್ಲಿ. ಅದರ ಬಲಬದಿಯ ಕೆಳಮೂಲೆಯನ್ನು ವಿಡಿಯೊದ ಅವಧಿ ನುಂಗಿಹಾಕುತ್ತದೆ. ನೀವೇ ನಾಲ್ಕು ಪದದ ಎರಡನೆಯ ಶೀರ್ಷಿಕೆಯೊಂದನ್ನು ಬರೆದು ಸುದ್ದಿಯ ಜೊತೆಗೇ ಕಳುಹಿಸಿ. ಇಷ್ಟು ವರ್ಷ ಬರೆದವರಿಗೆ ಅದು ಕಷ್ಟವಲ್ಲ. ಆದರೆ ಕತ್ತರಿಸುವಾಗ ‘ಆರೋಪ’ ಎಂಬ ಪದವನ್ನೇ ಯಾರಾದರೂ ಕತ್ತರಿಸಿದರೆ ಜಗಳ ಆಡಿ, ನಾನೂ ಬರುತ್ತೇನೆ.

ಪ್ರಶ್ನೆ: ಬಾಲಕಿಯೊಬ್ಬಳ ಮೇಲಿನ ದೌರ್ಜನ್ಯದ ಸುದ್ದಿಗೆ ಅವಳ ಮುಖ ಮಸುಕು ಮಾಡಿ, ಶಾಲೆಯ ಫೋಟೊ ಪಕ್ಕದಲ್ಲಿಟ್ಟು ಥಂಬ್‌ನೇಲ್ ಮಾಡುವಂತೆ ಹೇಳಿದರು. ಮನಸ್ಸು ಒಪ್ಪಲಿಲ್ಲ. ಮುಖ ಮಸುಕಾದರೆ ಸಾಕೇ?
– ಹೆಸರು ಬೇಡ, ತಿ. ನರಸೀಪುರ

ಉತ್ತರ: ಸಾಲದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಓದಿ. ಮಗುವಿನ ಹೆಸರು, ಫೋಟೊ ಮಾತ್ರವಲ್ಲ. ವಿಳಾಸ, ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಹಿಡಿಯಲು ದಾರಿಯಾಗುವ ಯಾವುದನ್ನೂ ಮಾಧ್ಯಮ ಪ್ರಕಟಿಸುವಂತಿಲ್ಲ. ವಯಸ್ಕ ಸಂತ್ರಸ್ತೆಯರಿಗೂ ರಕ್ಷಣೆ ಇದೆ: ಮೊದಲು ದಂಡಸಂಹಿತೆಯ 228ಎ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಸಣ್ಣ ಊರಿನಲ್ಲಿ ಸಮವಸ್ತ್ರದ ಬಣ್ಣವೊಂದೇ ಸಾಕು, ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ. ಮಸುಕು ಮಾಡಿದ ನಿಜವಾದ ಫೋಟೊಗಿಂತ ಠಾಣೆಯ ಫಲಕವೋ, ಬರೀ ಅಕ್ಷರವೋ ಮೇಲು. ನಿಮಗೆ ಹೇಳಿದವರಿಗೆ ಈ ಸೆಕ್ಷನ್ ಸಂಖ್ಯೆಯನ್ನು ಬಾಯಲ್ಲಿ ಹೇಳಬೇಡಿ, ಸಂದೇಶವಾಗಿ ಕಳುಹಿಸಿ. ಬರೆದದ್ದು ಕಣ್ಣಿಗೆ ಬಿದ್ದಾಗ ಧೈರ್ಯಶಾಲಿಗಳೂ ಮತ್ತೊಮ್ಮೆ ಯೋಚಿಸುತ್ತಾರೆ.

ಪ್ರಶ್ನೆ: ಚುನಾವಣಾ ಫಲಿತಾಂಶಕ್ಕೆ ಮೈಸೂರು ಜಿಲ್ಲೆಯ ನಕ್ಷೆಗೆ ಪಕ್ಷಗಳ ಬಣ್ಣ ತುಂಬಿದರೆ ಸಾಕಲ್ಲವೇ?
– ಓದುಗ, ಹುಣಸೂರು

ಉತ್ತರ: ಜಿಲ್ಲೆಯಲ್ಲಿ 11 ವಿಧಾನಸಭಾ ಕ್ಷೇತ್ರಗಳಿವೆ. ನಕ್ಷೆಯಲ್ಲಿ ಹೆಗ್ಗಡದೇವನಕೋಟೆ ಕಾಡನ್ನೆಲ್ಲ ಸೇರಿಸಿಕೊಂಡು ದೊಡ್ಡದಾಗಿ ಹರಡಿಕೊಂಡಿರುತ್ತದೆ. ಮೈಸೂರು ನಗರದ ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಮೂರೂ ಸೇರಿ ಒಂದು ಚುಕ್ಕೆ. ಶಾಸಕರು ಮಾತ್ರ ಎಲ್ಲ ಕಡೆಯೂ ಒಬ್ಬೊಬ್ಬರೇ. ಹನ್ನೊಂದು ಸಮಾನ ಚೌಕಗಳನ್ನು ದಿಕ್ಕಿಗೆ ತಕ್ಕಂತೆ ಜೋಡಿಸಿ ಬಣ್ಣ ತುಂಬಿ. ಬಣ್ಣದ ಜೊತೆ ಪಕ್ಷದ ಹೆಸರನ್ನೂ ಬರೆಯಿರಿ, ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ನಿಮ್ಮ ಓದುಗರಲ್ಲಿಯೂ ಇದ್ದಾರೆ.

ಪ್ರಶ್ನೆ: ಫೋಟೊ ಸಿಗದಿದ್ದಾಗ ಎಐನಿಂದ ಚಿತ್ರ ಮಾಡಿಸಿ ಸುದ್ದಿಗೆ ಹಾಕಬಹುದೇ?
– ಓದುಗ, ಮಳವಳ್ಳಿ

ಉತ್ತರ: ನಡೆದ ಘಟನೆಗೆ ಬೇಡ. ಅಡುಗೆ ಅಂಕಣಕ್ಕೆ, ರಾಶಿಭವಿಷ್ಯಕ್ಕೆ ಹಾಕುವುದಾದರೆ ‘ಎಐ ಚಿತ್ರ’ ಎಂದು ಅಲ್ಲೇ ಬರೆಯಿರಿ. ರಾಶಿಭವಿಷ್ಯದಲ್ಲಿ ಸತ್ಯದ ತಕರಾರು ಹೇಗೂ ಕಡಿಮೆ.

ಪ್ರಶ್ನೆ: ನನ್ನ ಮಗ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಾನೆ. ಈಗ ಸುದ್ದಿ ವೆಬ್‌ಸೈಟಿಗೆ ಸೇರುತ್ತೇನೆ ಎನ್ನುತ್ತಾನೆ. ಪದವಿ ಇಲ್ಲ. ಕಳುಹಿಸಬಹುದೇ?
– ಒಬ್ಬ ತಂದೆ, ಶ್ರೀರಂಗಪಟ್ಟಣ

ಉತ್ತರ: ಯಜಮಾನರೇ, ಫ್ಲೆಕ್ಸ್ ಅಂಗಡಿಯಿಂದ ಬಂದ ಹುಡುಗರ ಬಗ್ಗೆ ನನಗೆ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. ಹುಟ್ಟುಹಬ್ಬದ ಬ್ಯಾನರಿನಲ್ಲಿ ಮೂವತ್ತು ಮುಖಗಳನ್ನು ಯಾರಿಗೂ ಬೇಸರವಾಗದ ಗಾತ್ರದಲ್ಲಿ ಜೋಡಿಸುವವನಿಗೆ ಸಂಪಾದಕರನ್ನು ನಿಭಾಯಿಸುವುದು ಕಷ್ಟವಲ್ಲ. ವೇಗ ಅವನ ಕೈಯಲ್ಲಿರುತ್ತದೆ. ಇಲ್ಲದಿರುವುದು ಓದುವ ಅಭ್ಯಾಸ. ದಿನಕ್ಕೊಂದು ಪತ್ರಿಕೆಯನ್ನು ಪೂರ್ತಿ ಓದಲಿ, ಅದರಲ್ಲಿನ ಒಂದು ಸುದ್ದಿಗೆ ತಾನೇ ಗ್ರಾಫಿಕ್ ಮಾಡಿಟ್ಟುಕೊಳ್ಳಲಿ. ಅಂಥ ಹತ್ತು ಹದಿನೈದು ಕೈಯಲ್ಲಿದ್ದರೆ ಪದವಿಯನ್ನು ಕೇಳುವವರು ಕಡಿಮೆ.

ಸೇರುವ ಮುನ್ನ ಕೆಲವನ್ನು ಬಾಯಿಬಿಟ್ಟು ಕೇಳಲಿ: ಪಿಎಫ್ ಇದೆಯೋ, ಕಂಪ್ಯೂಟರ್ ಕಚೇರಿಯದೋ ಅವನದೋ, ರಾತ್ರಿ ಪಾಳಿ ಮುಗಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬರಲು ಗಾಡಿ ಯಾರದು. ನೇಮಕಾತಿ ಪತ್ರ ಕೈಗೆ ಬರುವವರೆಗೆ ಅಂಗಡಿಯ ಮಾಲೀಕರಿಗೆ ಏನೂ ಹೇಳುವುದು ಬೇಡ. ಮತ್ತೆ, ದಸರೆಗೆ ನೆಂಟರೆಲ್ಲ ಬರುವಾಗ ಅವನಿಗೆ ರಜೆ ಸಿಗುವುದಿಲ್ಲ. ಅದನ್ನು ಅವನ ತಾಯಿಗೆ ಈಗಲೇ ತಿಳಿಸಿಡಿ.