ಊಟದ ಬಟ್ಟಲು ಕಂಡರೆ ಹೆದರುವ ನಾಯಿ: ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮದು ಐದು ವರ್ಷದ ನಾಡ ನಾಯಿ. ಊಟವೆಂದರೆ ಕುಣಿಯುತ್ತಿದ್ದದ್ದು ಎರಡು ವಾರದಿಂದ ಬಟ್ಟಲು ಇಟ್ಟ ಕೂಡಲೇ ಬಾಲ ಮುದುರಿ ಹಿಂದೆ ಸರಿಯುತ್ತದೆ. ಹತ್ತಿರ ಬಂದು ಮೂಸುತ್ತದೆ, ಒಂದು ತುತ್ತು ಬಾಯಿಗೆ ಹಾಕಿಕೊಂಡು ಓಡಿಹೋಗುತ್ತದೆ. ದೃಷ್ಟಿ ತೆಗೆಸಿದೆವು. ಇದು ಹಠ, ಎರಡು ದಿನ ಉಪವಾಸ ಕೆಡವಿ ಎಂದು ತರಬೇತುದಾರರೊಬ್ಬರು ಹೇಳಿದರು. ಏನು ಮಾಡಬೇಕು? (ತುಮಕೂರಿನ ಓದುಗರು)

ಉತ್ತರ: ಉಪವಾಸ ಕೆಡವಬೇಡಿ. ಈ ಸಲಹೆ ಕೇಳಿ ಕೇಳಿ ನನಗೆ ಸಾಕಾಗಿದೆ. ಹಠ ಮಾಡುವ ನಾಯಿ ಬಾಲ ಮುದುರುವುದಿಲ್ಲ. ವರ್ಷಗಟ್ಟಲೆ ಚೆನ್ನಾಗಿ ತಿಂದ ನಾಯಿ ಇದ್ದಕ್ಕಿದ್ದಂತೆ ಬಟ್ಟಲಿಗೆ ಹೆದರಿದರೆ, ಬೇರೆ ಕಾರಣ ಸಿಗುವವರೆಗೆ ಅದನ್ನು ನೋವೆಂದೇ ತಿಳಿಯಿರಿ. ಹಲ್ಲು ಮುರಿದಿದೆ ಎಂಬುದು ನಾಯಿಗೆ ಗೊತ್ತಾಗುವುದಿಲ್ಲ. ಬಟ್ಟಲಿಗೆ ಬಾಯಿ ಹಾಕಿದಾಗಲೆಲ್ಲ ನೋಯಿತು ಎಂಬುದಷ್ಟೇ ಗೊತ್ತು. ಅದರ ಪಾಲಿಗೆ ನೋಯಿಸಿದ್ದು ಬಟ್ಟಲು.

ನೀವು ಬರೆದಿರುವುದರಲ್ಲಿ ಬಹಳ ಉಪಯೋಗಕ್ಕೆ ಬರುವ ಮಾತು ‘ಹತ್ತಿರ ಬಂದು ಮೂಸುತ್ತದೆ’ ಎಂಬುದು. ಅಂದರೆ ಹಸಿವಿದೆ. ಕಿಡ್ನಿ ತೊಂದರೆಯಿಂದಲೋ ಉಣ್ಣೆ ಜ್ವರದಿಂದಲೋ ಹೊಟ್ಟೆ ತೊಳಸುತ್ತಿದ್ದರೆ ನಾಯಿ ವಾಸನೆಗೇ ಮುಖ ತಿರುಗಿಸುತ್ತದೆ, ಸುಮ್ಮನೆ ತುಟಿ ನೆಕ್ಕಿಕೊಳ್ಳುತ್ತದೆ. ನಿಮ್ಮದಕ್ಕೆ ತಿನ್ನುವ ಆಸೆಯಿದೆ, ತಿನ್ನಲು ಭಯ. ಹಾಗಾಗಿ ನನ್ನ ಮೊದಲ ಅನುಮಾನ ಬಾಯಿಯ ಮೇಲೆ.

‘ಹಲ್ಲೆಲ್ಲ ಬೆಳ್ಳಗಿದೆ ಡಾಕ್ಟರೇ’ ಎನ್ನುವವರು ನೋಡಿರುವುದು ಮುಂದಿನ ಹಲ್ಲುಗಳನ್ನು ಮಾತ್ರ. ನಾಯಿಗೆ 42 ಹಲ್ಲುಗಳಿವೆ. ಮೂಳೆ ಕಡಿದು ಮುರಿಯುವುದು ಹೆಚ್ಚಾಗಿ ಮೇಲ್ದವಡೆಯಲ್ಲಿ ಕೆನ್ನೆಯ ಮರೆಯಲ್ಲಿರುವ, ಮಾಂಸ ಕತ್ತರಿಸುವ ದೊಡ್ಡ ಹಲ್ಲು. ಅದರ ಹೊರಮೈ ಚಕ್ಕೆಯಾಗಿ ಎದ್ದುಹೋದರೆ ಒಳಗಿನ ನರ ಬಯಲಾಗುತ್ತದೆ. ಬೇರಿನಲ್ಲಿ ಕೀವು ತುಂಬಿದರೆ ಊತ ಕಾಣಿಸುವುದು ಕಣ್ಣಿನ ಕೆಳಗೆ, ಅದಕ್ಕೆ ಕಣ್ಣಿನ ಡ್ರಾಪ್ಸ್ ಹಾಕುತ್ತ ಕುಳಿತವರನ್ನು ನೋಡಿದ್ದೇನೆ. ಕೆಲವೊಮ್ಮೆ ಮೂಳೆಯ ತುಂಡು ಅಂಗುಳಕ್ಕೆ ಅಡ್ಡಲಾಗಿ ಸಿಕ್ಕಿಕೊಂಡಿರುತ್ತದೆ.

ವೈದ್ಯರ ಬಳಿ ಹೋಗುವ ಮುನ್ನ ದೂರದಿಂದ ಗಮನಿಸಿ. ಒಂದೇ ಬದಿಯಲ್ಲಿ ಅಗಿಯುತ್ತದೆಯೇ? ತುತ್ತು ಕೆಳಗೆ ಬೀಳುತ್ತದೆಯೇ? ಬಟ್ಟಲನ್ನು ಸ್ಟೂಲಿನ ಮೇಲಿಟ್ಟರೆ ನೆಮ್ಮದಿಯಾಗಿ ತಿನ್ನುತ್ತದೆಯೇ? ತಿಂದರೆ ನೋವು ಬಾಯಿಯಲ್ಲಲ್ಲ, ಕುತ್ತಿಗೆಯಲ್ಲಿ ಇರಬಹುದು. ಆಕಳಿಸುವಾಗಲೂ ಕಿರುಚಿದರೆ ಕಣ್ಣಿನ ಹಿಂದೆ ಕೀವೋ ದವಡೆಯ ಸ್ನಾಯುವಿನ ಉರಿಯೂತವೋ ಇರಬಹುದು. ಇದೆಲ್ಲವನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ, ಏಕೆಂದರೆ ಆಸ್ಪತ್ರೆಯ ಮೇಜಿನ ಮೇಲೆ ಯಾವ ನಾಯಿಯೂ ಊಟ ಮಾಡಿ ತೋರಿಸುವುದಿಲ್ಲ.

ಹಲ್ಲಿನ ಪೂರ್ತಿ ಪರೀಕ್ಷೆ ಆಗಬೇಕಾದದ್ದು ಅರಿವಳಿಕೆ ಕೊಟ್ಟು, ಎಕ್ಸ್‌ರೇ ತೆಗೆದು. ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿಗಳಲ್ಲಿ ಅರಿವಳಿಕೆಯಿಲ್ಲದೆ ಹಲ್ಲಿನ ಪಾಚಿ ಕೆರೆದು ಕೊಡುತ್ತಾರಲ್ಲ, ಅದರಿಂದ ಹಲ್ಲು ಹೊಳೆಯುತ್ತದೆ, ವಸಡಿನ ಕೆಳಗಿನ ರೋಗ ಹಾಗೆಯೇ ಉಳಿಯುತ್ತದೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ದಯವಿಟ್ಟು ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ.

ದೇಹದಲ್ಲಿ ಏನೂ ಸಿಗಲಿಲ್ಲವೆಂದರೆ ಮನೆಯತ್ತ ನೋಡಿ. ಆ ವಾರ ಬಟ್ಟಲಿನ ಹತ್ತಿರ ಏನಾಯಿತು? ಕುಕ್ಕರ್ ಪಕ್ಕದಲ್ಲೇ ಕೂಗಿತೇ? ಒದ್ದೆ ಟೈಲ್ಸಿನ ಮೇಲೆ ಕಾಲು ಜಾರಿತೇ? ಯಾರಾದರೂ ಹೊಡೆದರೇ? ಕಹಿ ಮಾತ್ರೆಯನ್ನು ಅನ್ನದಲ್ಲಿ ಕಲಸಿದಿರೇ? ಕೊನೆಯದನ್ನು ಬಹಳ ಮನೆಗಳಲ್ಲಿ ಮಾಡುತ್ತಾರೆ, ಹೇಳಲು ಮರೆಯುತ್ತಾರೆ.

ಹಲ್ಲು ಕಿತ್ತ ಮಾತ್ರಕ್ಕೆ ಭಯ ಹೋಗುವುದಿಲ್ಲ. ನೋವು ವಾಸಿಯಾದ ಮೇಲೂ ನಾಯಿ ಬಟ್ಟಲನ್ನು ನಂಬದೇ ಇರಬಹುದು. ಹಳೆಯ ಸ್ಟೀಲ್ ಬಟ್ಟಲನ್ನು ಒಳಗಿಟ್ಟು ಅಗಲವಾದ ತಟ್ಟೆ ತನ್ನಿ. ಜಾಗ ಬದಲಿಸಿ, ಕೆಳಗೆ ಗೋಣಿತಟ್ಟು ಹಾಸಿ. ಮೊದಲು ತಟ್ಟೆಯೇ ಬೇಡ: ಬೇಯಿಸಿದ ಕೋಳಿ ಮಾಂಸದ ಮೆತ್ತಗಿನ ಚೂರುಗಳನ್ನು ಗೋಣಿಯ ಮೇಲೆ ಹರಡಿ ನೀವು ಅಲ್ಲಿಂದ ಹೋಗಿಬಿಡಿ. ಎದುರಿಗೆ ಕುಳಿತು ‘ತಿನ್ನೋ ಕಂದಾ’ ಎಂದು ಗೋಗರೆಯುವುದು, ಮೂತಿಯ ಬಳಿಗೆ ತಟ್ಟೆ ತಳ್ಳುವುದು ಎರಡೂ ಭಯ ಹೆಚ್ಚಿಸುತ್ತವೆ. ನಿಶ್ಚಿಂತೆಯಿಂದ ತಿಂದರೆ ಮರುದಿನ ಚೂರುಗಳು ತಟ್ಟೆಯ ಪಕ್ಕದಲ್ಲಿರಲಿ, ಆಮೇಲೆ ತಟ್ಟೆಯೊಳಗೆ. ಹಿಂಜರಿದರೆ ನೀವೂ ಒಂದು ಹೆಜ್ಜೆ ಹಿಂದೆ ಹೋಗಿ. ವಾರಗಳೇ ಹಿಡಿಯಬಹುದು. ಈ ಅವಧಿಯಲ್ಲಿ ಔಷಧಿಯನ್ನು ಊಟಕ್ಕೆ ಬೆರೆಸಲೇಬೇಡಿ.

ಪ್ರಶ್ನೆ: ನಾಯಿ ತಿನ್ನುವಾಗ ಬಟ್ಟಲಿಗೆ ಕೈ ಹಾಕಿ ಯಜಮಾನ ಯಾರೆಂದು ತೋರಿಸಬೇಕಂತೆ, ಹೌದೇ?

ಉತ್ತರ: ಖಂಡಿತ ಬೇಡ. ಅದರಿಂದ ನಾಯಿ ಕಲಿಯುವುದು ಕಚ್ಚುವುದನ್ನು.

ಪ್ರಶ್ನೆ: ರುಚಿಗೆಂದು ಈರುಳ್ಳಿ, ಬೆಳ್ಳುಳ್ಳಿ ಒಗ್ಗರಣೆ ಹಾಕಬಹುದೇ?

ಉತ್ತರ: ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಾಕಬೇಡಿ.

ಪ್ರಶ್ನೆ: ನಾಯಿಗೆ ನುಂಗಲು ಆಗುತ್ತಿಲ್ಲ, ಜೊಲ್ಲು ಸುರಿಯುತ್ತಿದೆ. ನೀರಿಗೆ ಹೆದರುತ್ತಿಲ್ಲವಾದ್ದರಿಂದ ಹುಚ್ಚು ಅಲ್ಲ ತಾನೇ? ಗಂಟಲಲ್ಲಿ ಮೂಳೆ ಸಿಕ್ಕಿದೆಯೇ ಎಂದು ಕೈ ಹಾಕಿ ನೋಡಲೇ?

ಉತ್ತರ: ಕೈ ಹಾಕಬೇಡಿ! ರೇಬಿಸ್ ಬಂದ ನಾಯಿ ನೀರಿಗೆ ಹೆದರಲೇಬೇಕೆಂದಿಲ್ಲ, ನೀರಿನತ್ತ ಹೋಗಿ ನುಂಗಲಾಗದೆ ನಿಲ್ಲಬಹುದು. ದವಡೆ ಜೋತುಬಿದ್ದು ಜೊಲ್ಲು ಸುರಿಯುವುದನ್ನು ಕಂಡು ಮೂಳೆ ಸಿಕ್ಕಿದೆಯೆಂದು ಬೆರಳು ಹಾಕುವುದು ತೀರ ಅಪಾಯ. ಮೇಲೆ ತುಮಕೂರಿನವರಿಗೆ ಹೇಳಿದ್ದು ಕೂಡ ರೇಬಿಸ್ ಲಸಿಕೆ ತಪ್ಪದೆ ಹಾಕಿಸಿರುವ ನಾಯಿಯ ಮಟ್ಟಿಗೆ. ಲಸಿಕೆ ತಪ್ಪಿದ್ದರೆ, ಸ್ವಭಾವ ಹಠಾತ್ತನೆ ಬದಲಾಗಿದ್ದರೆ, ನಾಯಿಯನ್ನು ಒಂದು ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿ ವೈದ್ಯರಿಗೆ ಫೋನ್ ಮಾಡಿ. ಜೊಲ್ಲು ಗಾಯಕ್ಕೋ ಕಣ್ಣು ಬಾಯಿಗೋ ತಾಗಿದ್ದರೆ ಸುಣ್ಣ, ಅರಿಶಿನ ಮೆತ್ತುವ ಕೆಲಸ ಬೇಡ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಕಣ್ಣು ಬಾಯಿಯನ್ನು ಬರಿಯ ನೀರಿನಿಂದ ಚೆನ್ನಾಗಿ ತೊಳೆದುಕೊಳ್ಳಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.