ದೂರದಲ್ಲಿರುವ ತಮ್ಮನಿಗೆ ಪೂಜೆ, ಹರಕೆಯ ವಿಷಯ ಹೇಳಬೇಕಾ?

ತಮ್ಮ ಹೊರದೇಶದಲ್ಲಿದ್ದಾನೆ, ದೇವರು ದಿಂಡರು ಅಂದ್ರೆ ಅಷ್ಟಕ್ಕಷ್ಟೆ, ಮನೆಯ ಪೂಜೆ, ಹರಕೆಯ ವಿಷಯ ಅವನಿಗೆ ಹೇಳ್ತಾ ಇರಬೇಕಾ, ಬಿಡಬೇಕಾ ಅಂತ ಕೇಳಿದ್ದೀರಿ. ಹೇಳಿ. ಆದರೆ ಮನೆಯ ಸುದ್ದಿ ಮುಚ್ಚಿಟ್ಟು ದೇವರ ಸುದ್ದಿ ಮಾತ್ರ ಹೇಳಬೇಡಿ. ನಾನು ಹಾಗೆ ಮಾಡಿ ಪೆಟ್ಟು ತಿಂದವಳು.

ನಾನಿರುವುದು ಹುಬ್ಬಳ್ಳಿಯಲ್ಲಿ, ತಮ್ಮ ಅಮೆರಿಕದ ಹ್ಯೂಸ್ಟನ್‌ನಲ್ಲಿ. ಒಂದು ವರ್ಷ ಶಿವರಾತ್ರಿಯ ವಾರವೇ ಅಪ್ಪನಿಗೆ ಪಿತ್ತಕೋಶದ ಆಪರೇಷನ್ ಆಯಿತು. ಅಷ್ಟು ದೂರ ಕೂತವನಿಗೆ ಸುಮ್ನೆ ಯಾಕೆ ಗಾಬರಿ ಅಂತ ಹೇಳಲಿಲ್ಲ. ಶಿವರಾತ್ರಿಯ ಮರುದಿನ ಸಂಜೆ ಸಿದ್ಧಾರೂಢ ಮಠದ ತೇರು. ಅಪ್ಪನಿಗಾಗಿ ಹರಕೆ ಹೊತ್ತಿದ್ದೆ. ತೇರಿಗೆ ಉತ್ತತ್ತಿ ಎಸೆದು, ಆ ಗದ್ದಲದಲ್ಲೇ ತಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅವನಿಗೆ ಆಗ ಬೆಳಿಗ್ಗೆ ಆರೂವರೆ, ಕೈಯಲ್ಲಿ ಚಹಾ. ತೇರು ನೋಡಿ ಖುಷಿಪಟ್ಟ. "ಅಪ್ಪ ಎಲ್ಲಿ?" ಅಂದ. "ಮಲಗ್ಯಾರೋ" ಅಂದೆ. ಸುಳ್ಳೇನಲ್ಲ, ಮಲಗಿದ್ದರು. ಆಸ್ಪತ್ರೆಯ ಮಂಚದ ಮೇಲೆ.

ಹನ್ನೆರಡು ದಿನದ ಮೇಲೆ ಸೋದರಮಾವನ ಮಗನಿಂದ ಅವನಿಗೆ ಗೊತ್ತಾಯಿತು. ಫೋನ್ ಮಾಡಿದ, ಕೂಗಾಡಲಿಲ್ಲ. "ಅಕ್ಕಾ, ಅಜ್ಜಗ ಹೇಳಿದಿ, ನನಗ ಹೇಳಲಿಲ್ಲ" ಅಂದ, ಅಷ್ಟೆ. ಸಿದ್ಧಾರೂಢರನ್ನು ನಮ್ಮ ಕಡೆ ಅಜ್ಜ ಅಂತಲೇ ಕರೆಯುವುದು. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ನಮ್ಮ ಮಾತು "ಊಟ ಆತೇನು" ದಾಟಲಿಲ್ಲ. ದಿನಾ ಬೆಳಿಗ್ಗೆ ನಾನು ಕಳಿಸುತ್ತಿದ್ದ ದೇವರ ಫೋಟೊಗಳನ್ನು ಅವನು ತೆರೆದೂ ನೋಡಲಿಲ್ಲ. (ಆ ಫಾರ್ವರ್ಡ್ ಚಟ ಈಗ ಬಿಟ್ಟಿದ್ದೇನೆ. ನಿಮಗೂ ಇದ್ದರೆ ಬಿಡಿ.)

ಅಷ್ಟರಲ್ಲಿ ಪಂಚಮಿ ಬಂತು. ನಮ್ಮ ಕಡೆ ಇದು ಹೆಣ್ಣುಮಕ್ಕಳ ಹಬ್ಬ, ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದುಕೊಂಡು ಹೋಗಬೇಕು. ಕರೆಯಬೇಕಾದವನು ಹ್ಯೂಸ್ಟನ್‌ನಲ್ಲಿ, ಹಾಗಾಗಿ ನಾನೇ ಆಟೋ ಹಿಡಿದು ಹೋದೆ. ಮಣ್ಣಿನ ನಾಗಪ್ಪನಿಗೆ ಕೊಬ್ಬರಿ ಬಟ್ಟಲಿನಿಂದ ಹಾಲು ಎರೆಯುವಾಗ ಮನೆಯ ಒಬ್ಬೊಬ್ಬರ ಪಾಲೂ ಹೇಳುತ್ತೇವೆ: ಅವ್ವನ ಪಾಲು, ಅಪ್ಪನ ಪಾಲು, ಹೀಗೆ. ಬೆಳಿಗ್ಗೆ ಏಳಕ್ಕೆ ಫೋನನ್ನು ಹಾಲಿನ ತಂಬಿಗೆಗೆ ಆನಿಸಿಟ್ಟು ಕಾಲ್ ಮಾಡಿದೆ. ಅಲ್ಲಿ ಹಿಂದಿನ ದಿನದ ರಾತ್ರಿ ಎಂಟೂವರೆ, ಅವನ ಕ್ಯಾಲೆಂಡರಿನಲ್ಲಿ ಇನ್ನೂ ಪಂಚಮಿಯೇ ಬಂದಿಲ್ಲ! ಮೊದಲು ಅಪ್ಪ ಬನಿಯನ್ ಎತ್ತಿ ಹೊಲಿಗೆಯ ಗುರುತು ತೋರಿಸಿದರು. ಖಾಲಿ ಹೊಟ್ಟೆಯ ಶುಗರ್ 142 ಬಂದಿದೆ ಅಂತಲೂ ಹೇಳಿದೆ. ಆಮೇಲೆ ಹಾಲು. "ತಮ್ಮನ ಪಾಲು" ಅಂದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನನಗ ಇನ್ನೊಂದೀಟು ಹಾಕಕ್ಕಾ" ಅಂದ.

ಅವನು ನಾಗಪ್ಪನನ್ನು ನಂಬುತ್ತಾನಾ? ಕೇಳಿಲ್ಲ, ಕೇಳುವುದೂ ಇಲ್ಲ.

ಈಗ ಅಪ್ಪನ ರಿಪೋರ್ಟ್ ಬಂದ ದಿನವೇ ಅದರ ಫೋಟೊ ಅವನಿಗೆ ಹೋಗುತ್ತದೆ. ಹರಕೆ ಹೊತ್ತರೆ ಹೊತ್ತೆ ಅಂತ ಹೇಳುತ್ತೇನೆ, "ನೀನೂ ಬೇಡಿಕೋ" ಅನ್ನುವುದಿಲ್ಲ. ಮೊನ್ನೆ ಅವನೇ ಹ್ಯೂಸ್ಟನ್ ಹತ್ತಿರದ ಪೇರ್‌ಲ್ಯಾಂಡ್ ಮೀನಾಕ್ಷಿ ಗುಡಿಗೆ ಹೋಗಿ ಫೋಟೊ ಕಳಿಸಿದ್ದ. ಮೀನಾಕ್ಷಿಯದ್ದಲ್ಲ, ಅಲ್ಲಿ ತಿಂದ ಪುಳಿಯೋಗರೆಯದ್ದು.